ಕೆರೆದಷ್ಟೂ ಹೆಚ್ಚುವ ಕಂದು ಹೂ: ರೀಫ್ ಟ್ಯಾಂಕಿನ ಕಳೆ ಅನಿಮೋನಿಗೆ ಏನು ಮಾಡೋದು?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರು ಅಡಿಯ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟಿದ್ದೇನೆ. ನೀರು ಸುಮಾರು 190 ಲೀಟರ್. ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ಒಂದು ಜೋಡಿ ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ವ್ರಾಸ್ ಮೀನು, ಹವಳದ ಬಗೆಗಳಲ್ಲಿ ಸ್ವಲ್ಪ ಝೋಆಂಥಿಡ್, ಮಶ್ರೂಮ್, ಒಂದು ಲೆದರ್ ಕೋರಲ್ ಇವೆ. ನಾಲ್ಕು ತಿಂಗಳ ಹಿಂದೆ ಕಲ್ಲಿನ ಸಂದಿಯಲ್ಲಿ ಒಂದು ಪುಟ್ಟ ಕಂದು ಹೂ ಕಂಡಿತು. ಪುಕ್ಕಟೆ ಬಂತು ಅಂತ ಖುಷಿಪಟ್ಟೆ. ಅದು ಆರಾದಾಗ ಬ್ಲೇಡಿನಿಂದ ಕೆರೆದು ತೆಗೆದೆ. ಕೆರೆಯುವಾಗ ಬಿಳಿ ದಾರದಂಥದ್ದು ಹೊರಗೆ ಬಂತು. ಅದು ಮೊಟ್ಟೆ ಅಂತ ಗೆಳೆಯರೊಬ್ಬರು ಹೇಳಿದರು. ಈಗ ಎಣಿಸಿದರೆ ನಲವತ್ತರ ಹತ್ತಿರ ಇವೆ. ಇನ್ನೊಂದು ಕಲ್ಲಿನ ಮೇಲೆ ಹಸಿರು ಬಣ್ಣದ, ತುದಿ ಗುಂಡಗಿರುವ ಐದಾರು ಬೇರೆ ಇವೆ. ಅವು ಕ್ಲೌನ್ ಮೀನಿನ ಮನೆ, ಮುಟ್ಟಬೇಡಿ ಅಂತ ಮಗನ ಹಟ. ಕಲ್ಲನ್ನೇ ಕುದಿಸಿ ಅಂತ ಒಬ್ಬರು, ನಿಂಬೆರಸ ಚುಚ್ಚಿ ಅಂತ ಇನ್ನೊಬ್ಬರು, ಪೆಪ್ಪರ್‌ಮಿಂಟ್ ಸೀಗಡಿ ಬಿಡಿ ಅಂತ ಮತ್ತೊಬ್ಬರು. ಪರಿಚಯದವರೊಬ್ಬರು ರಾಮೇಶ್ವರದ ಕಡೆಯಿಂದ ಹೊಸ ಕಲ್ಲನ್ನೇ ತಂದುಕೊಡುತ್ತೇನೆ ಅನ್ನುತ್ತಿದ್ದಾರೆ. ವಾರಕ್ಕೆ ಮೂರು ಸಲ ಹವಳಕ್ಕೆಂದು ಪುಡಿ ಆಹಾರ ಹಾಕುತ್ತೇನೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಯಾರಾದರೂ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಇಟ್ಟು ಕಲ್ಲು ಕುದಿಸಲು ಹೊರಟಿದ್ದರೆ ಈಗಲೇ ತಡೆಯಿರಿ. ಮಿಕ್ಕಿದ್ದಕ್ಕೆಲ್ಲ ಟೈಮ್ ಇದೆ. ಇದೊಂದು ಮಾತ್ರ ಪ್ರಾಣದ ವಿಷಯ.

ನಿಮ್ಮ ಟ್ಯಾಂಕಿನಲ್ಲಿ ಝೋಆಂಥಿಡ್ ಇವೆ. ಈ ಗುಂಪಿನ ಕೆಲವು ಜಾತಿಗಳಲ್ಲಿ, ಅದರಲ್ಲೂ ಪಾಲಿಥೋವಾ ಅನ್ನುವವುಗಳಲ್ಲಿ, ಪಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ. ಹವಾಯಿಯ ಮಾವಿ ದ್ವೀಪದ ಹಾನಾ ಎಂಬ ಊರಿನ ಹತ್ತಿರ ಹಿಂದಿನವರು ಇದನ್ನು ಈಟಿಯ ತುದಿಗೆ ಸವರುತ್ತಿದ್ದರು ಅಂತ ಅಲ್ಲಿಯ ಕಥೆ. 1971ರಲ್ಲಿ ವಿಜ್ಞಾನಿಗಳು ಅದನ್ನು ಬೇರೆ ಮಾಡಿ ತೋರಿಸಿದರು. ಕಲ್ಲು ಕುದಿಸಿದರೆ ಈ ವಿಷ ಹಬೆಯ ಜೊತೆ ಗಾಳಿಗೆ ಬರುತ್ತದೆ. ಹೊರದೇಶಗಳಲ್ಲಿ ಹೀಗೆ ಕಲ್ಲು ಕುದಿಸಲು, ಇಲ್ಲವೇ ಬಿಸಿನೀರು ಸುರಿದು ತೊಳೆಯಲು ಹೋಗಿ ಮನೆಮಂದಿ ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯರ ದಾಖಲೆಯಲ್ಲೇ ಇವೆ. ಇದಕ್ಕೆ ಪ್ರತಿವಿಷ ಇಲ್ಲ. ನಿಮ್ಮ ಕಲ್ಲಿನ ಮೇಲಿರುವುದು ಯಾವ ಜಾತಿ ಅಂತ ಕಣ್ಣಳತೆಯಲ್ಲಿ ಹೇಳಲು ಆಗಲ್ಲ. ಹಾಗಾಗಿ ಕುದಿಸೋದು ಬೇಡ, ಒಣಗಿದ ಮೇಲೆ ಬ್ರಷ್ ಹಾಕಿ ಉಜ್ಜೋದೂ ಬೇಡ. ಆ ಕಲ್ಲು ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ.

ಇನ್ನು ನಿಮ್ಮ ಹೂವಿನ ವಿಷಯ. ಕಂದು ಬಣ್ಣ, ಗಾಜಿನಂತೆ ಅರೆಪಾರದರ್ಶಕ ಕಾಂಡ, ಸುತ್ತ ಉದ್ದನೆಯ ಚೂಪು ಎಳೆಗಳು, ಕಡ್ಡಿ ತಾಗಿಸಿದ ತಕ್ಷಣ ಸರ್ರನೆ ಸಂದಿಯೊಳಗೆ ಹೋಗಿ ಅಡಗುವುದು. ಇಷ್ಟೂ ಹೊಂದಿದರೆ ಅದು ಏಪ್ಟೇಸಿಯಾ ಎಂಬ ಕಳೆ ಅನಿಮೋನಿ, ಅಂದರೆ ಕಲ್ಲಿಗೆ ಅಂಟಿ ಬದುಕುವ ಹೂವಿನಂಥ ಪ್ರಾಣಿ. ಒಮ್ಮೆ ಕಡ್ಡಿ ತಾಗಿಸಿ ಖಚಿತ ಮಾಡಿಕೊಳ್ಳಿ. ಯಾಕೆಂದರೆ ಗರಿಯಂತೆ ಬಿಚ್ಚಿಕೊಳ್ಳುವ ಕೊಳವೆ ಹುಳುಗಳನ್ನು ಏಪ್ಟೇಸಿಯಾ ಅಂದುಕೊಂಡು ಕೊಂದವರನ್ನು ನಾನು ಕಂಡಿದ್ದೇನೆ. ಆ ಹುಳುಗಳಿಗೆ ಕೆಳಗೆ ಕೊಳವೆ ಇರುತ್ತದೆ, ನಡುವೆ ಬಾಯಿಯ ತಟ್ಟೆ ಇರುವುದಿಲ್ಲ. ಅವು ನೀರು ಸೋಸಿ ತಿನ್ನುವ ಪಾಪದ ಜೀವಿಗಳು, ಇರಲಿ ಬಿಡಿ.

ನೀವು ಬ್ಲೇಡು ಹಿಡಿದಿದ್ದೇ ತಪ್ಪಾಯಿತು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಅದನ್ನೇ ಮಾಡಿದವನು. ನನ್ನ ಮೊದಲ ಟ್ಯಾಂಕಿನಲ್ಲಿ ಹಳೇ ಟೂತ್‌ಬ್ರಷ್ ತಗೊಂಡು ಮೂರನ್ನು ತಿಕ್ಕಿ ತೆಗೆದೆ. ನೋಡಲು ಸ್ವಚ್ಛವಾಯಿತು. ತಿಂಗಳು ತುಂಬುವುದರೊಳಗೆ ಅದೇ ಜಾಗದ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಮರಿಗಳು ಎದ್ದವು.

ಹೊಲದಲ್ಲಿ ಗರಿಕೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಗರಿಕೆಯನ್ನು ಗುದ್ದಲಿಯಲ್ಲಿ ಕೊಚ್ಚಿ ಅಲ್ಲೇ ಬಿಟ್ಟರೆ ಪ್ರತಿ ಗೆಣ್ಣೂ ಚಿಗುರುತ್ತದೆ. ಏಪ್ಟೇಸಿಯಾದ ಬುಡವೂ ಹಾಗೇ. ಅದು ಕಲ್ಲಿನ ಮೇಲೆ ಮೆಲ್ಲಗೆ ಜರುಗುತ್ತದೆ. ಜರುಗುವಾಗ ಬುಡದ ಅಂಚಿನಿಂದ ಸಣ್ಣ ಸಣ್ಣ ಚೂರುಗಳನ್ನು ಹಿಂದೆ ಬಿಟ್ಟು ಹೋಗುತ್ತದೆ. ಒಂದೊಂದು ಚೂರೂ ಕೆಲವು ದಿನಗಳಲ್ಲಿ ಬಾಯಿ, ಎಳೆ ಎಲ್ಲ ಮೂಡಿಸಿಕೊಂಡು ಪೂರ್ಣ ಅನಿಮೋನಿ ಆಗುತ್ತದೆ. ಗಂಡು ಹೆಣ್ಣು ಸೇರಿ ಮರಿ ಮಾಡುವುದೂ ಅದಕ್ಕೆ ಗೊತ್ತು. ಆದರೆ ಮನೆಯ ಟ್ಯಾಂಕಿನಲ್ಲಿ ಬಹುಪಾಲು ನಡೆಯುವುದು ಈ ಚೂರಿನ ವ್ಯವಹಾರವೇ. ನೀವು ಬ್ಲೇಡಿನಲ್ಲಿ ಮಾಡಿದ್ದು, ಅದು ತಾನಾಗಿ ನಿಧಾನಕ್ಕೆ ಮಾಡುತ್ತಿದ್ದ ಕೆಲಸವನ್ನು ಒಂದೇ ಸಂಜೆ ಮಾಡಿಕೊಟ್ಟದ್ದು.

ಆ ಬಿಳಿ ದಾರ ಮೊಟ್ಟೆ ಅಲ್ಲ. ಅದು ಆಯುಧ. ಹೊಟ್ಟೆಯೊಳಗೆ ಸುತ್ತಿಟ್ಟಿರುವ, ಕುಟುಕುವ ಕೋಶಗಳಿಂದ ತುಂಬಿದ ಎಳೆಗಳು ಅವು. ತೊಂದರೆ ಕೊಟ್ಟರೆ ಮೈಯ ತೂತುಗಳಿಂದ ಹೊರಗೆ ಎಸೆಯುತ್ತದೆ. ಪಕ್ಕದ ಝೋಆಂಥಿಡ್ ಮುಚ್ಚಿಕೊಂಡೇ ಇರುತ್ತದೆ ಅಂದರೆ ಇಂಥ ದಾರದ ಏಟು, ಇಲ್ಲವೇ ಎಳೆಗಳ ಕುಟುಕು ಬಿದ್ದಿರಬಹುದು. ದಾರ ಕಂಡು ಟ್ಯಾಂಕ್ ತುಂಬ ಮೊಟ್ಟೆ ಚೆಲ್ಲಿತು ಅಂತ ಹೆದರಬೇಕಿಲ್ಲ.

ಇಲ್ಲೊಂದು ತಮಾಷೆ ಇದೆ. ನಾವು ಶಾಪ ಹಾಕುವ ಇದೇ ಗುಣಕ್ಕಾಗಿ ವಿಜ್ಞಾನಿಗಳು ಏಪ್ಟೇಸಿಯಾವನ್ನು ಮುದ್ದಿನಿಂದ ಸಾಕುತ್ತಾರೆ. ಹವಳದ ಮೈಯಲ್ಲಿ ಇರುವಂಥ ಪಾಚಿಯೇ ಇದರ ಮೈಯಲ್ಲೂ ಇದೆ. ಬಿಸಿ ಏರಿದಾಗ ಹವಳ ಆ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುವುದು ಯಾಕೆ ಅಂತ ತಿಳಿಯಲು, ಹವಳದ ಬದಲು ಇದನ್ನೇ ಲ್ಯಾಬಿನಲ್ಲಿ ಬೆಳೆಸುತ್ತಾರೆ. ಒಂದೇ ತಾಯಿಯ ಚೂರುಗಳಿಂದ ಬೆಳೆಸಿದ ಸಿಸಿ7 ಎಂಬ ತಳಿ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿದೆ. 2015ರಲ್ಲಿ ಇದರ ಜೀನೋಮನ್ನೂ ಓದಿ ಪ್ರಕಟಿಸಿದರು. ಕತ್ತಲಲ್ಲಿಟ್ಟು ಪಾಚಿ ಪೂರ್ತಿ ಹೋದರೂ ಇದು ಸಾಯುವುದಿಲ್ಲ. ಆಹಾರ ಸಿಕ್ಕರೆ ಬೆಳ್ಳಗೆ ಬದುಕಿರುತ್ತದೆ. ಹಾಗಾಗಿ ನಾಲ್ಕು ದಿನ ಲೈಟ್ ಆರಿಸಿಟ್ಟರೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನು ಬಿಟ್ಟುಬಿಡಿ. ಮೊದಲು ಸೊರಗುವುದು ನಿಮ್ಮ ಲೆದರ್ ಕೋರಲ್.

ಇಷ್ಟು ತಿಳಿದ ಮೇಲೆ ನಿಮಗೆ ಯಾರು ಏನೇ ಉಪಾಯ ಹೇಳಲಿ, ಒಂದೇ ಪ್ರಶ್ನೆ ಕೇಳಿ. ಇದರಲ್ಲಿ ಚೂರು ಉಳಿಯುತ್ತಾ? ಉಳಿಯುತ್ತೆ ಅಂದರೆ ಆ ಉಪಾಯ ಬೇಡ.

ಕೊಲ್ಲುವ ಮಾತಿಗೆ ಮುಂಚೆ ಊಟದ ಮಾತು. ನಿಮ್ಮ ಪತ್ರದ ಕೊನೆಯ ಸಾಲನ್ನು ನೀವು ಸುಮ್ನೆ ಬರೆದಿರಬಹುದು. ನನಗೆ ಅದೇ ಮುಖ್ಯ ಅನ್ನಿಸಿತು. ವಾರಕ್ಕೆ ಮೂರು ಸಲ ಪುಡಿ ಆಹಾರ ಯಾರಿಗೆ? ಝೋಆಂಥಿಡ್, ಮಶ್ರೂಮ್, ಲೆದರ್ ಮೂರೂ ಬೆಳಕಿನಿಂದಲೇ ಹೆಚ್ಚಿನ ಊಟ ಮಾಡಿಕೊಳ್ಳುತ್ತವೆ. ನೀರಿಗೆ ಎರಚಿದ ಪುಡಿಯನ್ನು ಹಿಡಿಯುವುದರಲ್ಲಿ ಏಪ್ಟೇಸಿಯಾದಷ್ಟು ಚುರುಕು ಅವಕ್ಕಿಲ್ಲ. ನೀವು ನಲವತ್ತು ಕಳ್ಳರಿಗೆ ವಾರಕ್ಕೆ ಮೂರು ದಿನ ಎಲೆ ಹಾಕಿ ಬಡಿಸುತ್ತಿದ್ದೀರಿ. ಎರಡು ತಿಂಗಳು ಅದನ್ನು ಪೂರ್ತಿ ನಿಲ್ಲಿಸಿ. ಏನೂ ಆಗಲ್ಲ.

ಮೀನಿನ ಊಟವನ್ನೂ ನೋಡಿ. ಮೂರು ಸಣ್ಣ ಮೀನು ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟು ಮಾತ್ರ, ದಿನಕ್ಕೆ ಎರಡು ಸಲ. ಫ್ರೋಜನ್ ಆರ್ಟೀಮಿಯಾ, ಮೈಸಿಸ್ (ಎರಡೂ ಸೀಗಡಿಯಂಥ ಪುಟ್ಟ ಜೀವಿಗಳು) ಹಾಕುವುದಾದರೆ ಟೀ ಸೋಸುವ ಜರಡಿಯಲ್ಲಿ ಕರಗಿಸಿ, ಆ ನೀರು ಚೆಲ್ಲಿ, ಮಾಂಸ ಮಾತ್ರ ಹಾಕಿ. ಆವಿಯಾದಷ್ಟಕ್ಕೆ ಮೇಲಿಂದ ಹಾಕುವ ನೀರು ಯಾವುದು ಅಂತ ನೀವು ಬರೆದಿಲ್ಲ. ಮನೆಯ ಕುಡಿಯುವ ನೀರಿನ ಆರ್‌ಓ ಆಗಿದ್ದರೆ ಅದರಲ್ಲಿ ಟಿಡಿಎಸ್ ಕಂಟ್ರೋಲರ್ ಇದೆಯಾ ನೋಡಿ. ಎಷ್ಟೋ ಮೆಶಿನ್‌ಗಳಲ್ಲಿ ರುಚಿಗೆಂದು ಸ್ವಲ್ಪ ನೀರನ್ನು ಆರ್‌ಓ ದಾಟಿಸದೆ ಮತ್ತೆ ಬೆರೆಸುತ್ತಾರೆ. ಬೋರ್‌ವೆಲ್ ನೀರಾದರೆ ನೈಟ್ರೇಟ್ ಸಮೇತ ಒಳಗೆ ಬಂತು ಅಂತ ಲೆಕ್ಕ. ಟ್ಯಾಂಕಿಗೆ ಆರ್‌ಓ ಆದ ಮೇಲೆ ಡಿಐ, ಅಂದರೆ ಉಳಿದ ಲವಣ ಹೀರುವ ರೆಸಿನ್, ದಾಟಿದ ನೀರು ಬೇಕು. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.1ರ ಒಳಗೆ ಇದ್ದರೆ ಸಾಕು. ಸೊನ್ನೆಗೆ ಇಳಿಸಲು ಹೋಗಬೇಡಿ. ಹಾಗೆ ಮಾಡಿದರೆ ಝೋಆಂಥಿಡ್ ಸೊರಗುತ್ತದೆ, ಏಪ್ಟೇಸಿಯಾ ಮಾತ್ರ ಹೇಗೋ ಇರುತ್ತದೆ. ಊಟ ಕಡಿಮೆ ಮಾಡುವುದರಿಂದ ಇರುವವು ಸಾಯಲ್ಲ. ಹೊಸದು ಹುಟ್ಟುವ ವೇಗ ಕಡಿಮೆಯಾಗುತ್ತದೆ. ಈಗ ನಮಗೆ ಬೇಕಿರುವುದು ಅಷ್ಟೇ.

ಈಗ ಕೈಯಿಂದ ಕೊಲ್ಲುವುದು. ನಿಂಬೆರಸ ಚುಚ್ಚುವುದು ಸುಳ್ಳು ಉಪಾಯ ಅಲ್ಲ. ದೊಡ್ಡದೊಂದು ಏಪ್ಟೇಸಿಯಾದ ಹೊಟ್ಟೆಯೊಳಗೆ ಸೂಜಿ ನೇರವಾಗಿ ಹೋಗಿ ಒಂದು ಮಿಲಿ ರಸ ಇಳಿದರೆ ಅದು ಸಾಯುತ್ತದೆ. ಆದರೆ ಸೂಜಿ ತಾಗಿದೊಡನೆ ಅದು ಒಳಗೆ ಸರಿಯುತ್ತದೆ. ಹತ್ತರಲ್ಲಿ ಆರಕ್ಕೆ ರಸ ಹೊರಗೇ ಹೋಗುತ್ತದೆ, ಬುಡ ಒಳಗೆ ಉಳಿಯುತ್ತದೆ. ಬೆರಳುಗುರಿನಷ್ಟಿರುವ ಮರಿಗಳಿಗಂತೂ ಚುಚ್ಚಲು ಜಾಗವೇ ಇಲ್ಲ. ವಿನೆಗರಿನ ಕಥೆಯೂ ಇದೇ. ಸಿರಿಂಜಿನಲ್ಲಿ ಕುದಿನೀರು ಬಿಡುವುದು ಟ್ಯಾಂಕಿನ ಒಳಗೆ ನಡೆಯದ ಮಾತು. ಸೂಜಿಯಿಂದ ಹೊರಬಂದ ಕ್ಷಣವೇ ತಣ್ಣಗಾಗುತ್ತದೆ.

ಚುಚ್ಚುವುದಕ್ಕಿಂತ ಮುಚ್ಚುವುದು ಒಳ್ಳೆಯದು. ಬಾಯಿಯ ಮೇಲೆ ಗಟ್ಟಿ ಪೇಸ್ಟ್ ಇಟ್ಟು, ಅದು ಒಳಗೆ ಸರಿದುಕೊಂಡಾಗ ಸಂದಿಯ ಬಾಯಿಗೂ ಮುಚ್ಚಿಗೆ ಹಾಕುವುದು. ಇದಕ್ಕೆ ಎರಡು ದಾರಿ. ಒಂದು, ಅಂಗಡಿಯಲ್ಲಿ ಸಿಗುವ ಏಪ್ಟೇಸಿಯಾ-ಎಕ್ಸ್ ತರದ ಸಿದ್ಧ ದ್ರಾವಣ. ಬಾಟಲಿಯ ಮೇಲೆ ಬರೆದ ಅಳತೆ ಮೀರಬೇಡಿ, ಅಷ್ಟೇ. ಇನ್ನೊಂದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ರೀಫ್ ಸಾಕುವವರು ಕಾಲ್ಕ್ ಅನ್ನುತ್ತಾರೆ. ನಮ್ಮ ಕಡೆ ಹೇಳುವುದಾದರೆ ಸುಣ್ಣ.

ಸುಣ್ಣ ಅಂದ ಕೂಡಲೇ ಎಲೆ ಅಡಿಕೆ ತಟ್ಟೆ ಕಡೆ ಕೈ ಹಾಕಬೇಡಿ. ಅದೂ ರಾಸಾಯನಿಕವಾಗಿ ಅದೇ. ಆದರೆ ಅದರಲ್ಲಿ ಇನ್ನೇನು ಬೆರೆತಿದೆ ಅಂತ ಯಾರಿಗೂ ಗೊತ್ತಿರಲ್ಲ. ಲ್ಯಾಬ್ ಗ್ರೇಡ್ ಇಲ್ಲವೇ ಅಕ್ವೇರಿಯಂ ಗ್ರೇಡ್ ಪುಡಿ ತನ್ನಿ. ಅರ್ಧ ಟೀ ಚಮಚ ಪುಡಿ ಸುಮಾರು ಒಂದು ಗ್ರಾಂ. ಅದಕ್ಕೆ ಆರ್‌ಓ ನೀರನ್ನು ಹನಿಹನಿಯಾಗಿ ಸೇರಿಸಿ, ಮೊಸರಿನ ಹದಕ್ಕೆ ಕಲಸಿ. ನಿಮ್ಮ 190 ಲೀಟರಿಗೆ ಒಂದು ದಿನಕ್ಕೆ ಇಷ್ಟೇ ಮಿತಿ. ಒಂದು ಗ್ರಾಂ ಪೂರ್ತಿ ಕರಗಿದರೂ ಪಿಎಚ್ ಸುಮಾರು 0.2 ಏರುತ್ತದೆ, ಅದನ್ನು ಟ್ಯಾಂಕ್ ತಡೆದುಕೊಳ್ಳುತ್ತದೆ. ಮೂರು ಗ್ರಾಂ ಹಾಕಿದರೆ 0.5ಕ್ಕೂ ಮೀರಬಹುದು. ಈ ಲೆಕ್ಕ ನನಗೆ ಪುಸ್ತಕದಿಂದ ಬಂದದ್ದಲ್ಲ. ಒಂದು ಭಾನುವಾರ ಹುಮ್ಮಸ್ಸಿನಲ್ಲಿ ಅರವತ್ತನ್ನು ಒಂದೇ ಏಟಿಗೆ ಮುಗಿಸುತ್ತೇನೆ ಅಂತ ಕೂತೆ. ರಾತ್ರಿ ಹೊತ್ತಿಗೆ ಪಿಎಚ್ 8.9. ಬಸವನಹುಳುಗಳೆಲ್ಲ ಗಾಜಿನಿಂದ ಉದುರಿ ಮರಳಿನ ಮೇಲೆ ಬಿದ್ದಿದ್ದವು.

ಮಾಡುವ ಕ್ರಮ ಹೀಗೆ. ಸಂಜೆ ವೇವ್‌ಮೇಕರ್, ರಿಟರ್ನ್ ಪಂಪ್ ಎಲ್ಲ ಆಫ್ ಮಾಡಿ. ನೀರು ನಿಂತ ಮೇಲೆ ಪ್ರತಿ ಏಪ್ಟೇಸಿಯಾದ ಹತ್ತಿರ ಒಂದೊಂದು ಚೂರು ಮೈಸಿಸ್ ಬಿಡಿ. ತಿನ್ನಲು ಬಾಯಿ ತೆರೆದು ಹಿಗ್ಗಿಕೊಂಡು ನಿಲ್ಲುತ್ತವೆ. ಒಂದು ಮಿಲಿಯ ಸಿರಿಂಜು, ಅಗಲ ಬಾಯಿಯ ಸೂಜಿ ಇಲ್ಲವೇ ಮೊಂಡು ತುದಿ ತಗೊಳ್ಳಿ. ಪಕ್ಕದಿಂದ ನಿಧಾನಕ್ಕೆ ಹೋಗಿ, ತಾಗಿಸದೆ, ಬಾಯಿಯ ತಟ್ಟೆಯ ಮೇಲೆ ಪೇಸ್ಟಿನ ಹನಿ ಇಳಿಸಿ. ಅದು ಮುದುಡುತ್ತಾ ಹೋದ ಹಾಗೆ ಮೇಲೆ ಇನ್ನಷ್ಟು ಹಾಕಿ ಸಂದಿ ಮುಚ್ಚಿ. ಹದಿನೈದಿಪ್ಪತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಪಂಪ್ ಆನ್ ಮಾಡಿ. ಝೋಆಂಥಿಡ್ ಪಕ್ಕದಲ್ಲೇ ಇರುವುದನ್ನು ಈ ದಾರಿಯಲ್ಲಿ ಮುಟ್ಟಬೇಡಿ. ಪೇಸ್ಟ್ ಜಾರಿ ಬಿದ್ದರೆ ಅದೂ ಸುಟ್ಟುಹೋಗುತ್ತದೆ.

ಕಣ್ಣಿಗೆ ಕನ್ನಡಕ ಕಡ್ಡಾಯ. ಸುಣ್ಣದ ಪೇಸ್ಟ್ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ನಾವು ಜೋರಾಗಿ ಒತ್ತುತ್ತೇವೆ. ಸೂಜಿ ಕಳಚಿ ಪೇಸ್ಟ್ ಮುಖಕ್ಕೆ ಹಾರುತ್ತದೆ. ಸುಣ್ಣದ ಡಬ್ಬಿ ಒತ್ತಿ ಮಕ್ಕಳ ಕಣ್ಣಿಗೆ ಪೆಟ್ಟಾದ ಸುದ್ದಿ ನಮ್ಮಲ್ಲಿ ಹೊಸದೇನಲ್ಲ, ಅಲ್ವಾ? ಮಗ ಉತ್ಸಾಹದಿಂದ ಪಕ್ಕ ನಿಂತು ನೋಡುತ್ತಾನೆ. ಅವನನ್ನು ಎರಡು ಮಾರು ದೂರ ನಿಲ್ಲಿಸಿ.

ಒಂದು ಸಂಜೆಗೆ ಎಂಟು ಹತ್ತು ಸಾಕು. ದೊಡ್ಡವನ್ನು ಮೊದಲು ಮುಗಿಸಿ. ಸತ್ತ ಅನಿಮೋನಿ ಕೊಳೆತು ಅಮೋನಿಯಾ ಬಿಡುತ್ತದೆ. ಆದ್ದರಿಂದ ಫಿಲ್ಟರಿನಲ್ಲಿ ಹೊಸ ಕಾರ್ಬನ್ ಇರಲಿ, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ಓಡುತ್ತಿರಲಿ. ಮೂರು ನಾಲ್ಕು ದಿನ ಬಿಟ್ಟು ಅದೇ ಜಾಗ ನೋಡಿ. ಮತ್ತೆ ತಲೆ ಎತ್ತಿದ್ದರೆ ಬುಡ ಉಳಿದಿದೆ ಅಂತ ಅರ್ಥ. ಇನ್ನೊಮ್ಮೆ ಮುಚ್ಚಿ. ಸೂಪರ್‌ಗ್ಲೂ ಜೆಲ್ ಅಥವಾ ಎಪಾಕ್ಸಿ ಪುಟ್ಟಿಯಿಂದ ಸಂದಿ ಮುಚ್ಚುವುದೂ ಉಂಟು. ಆಳದ ತೂತಾಗಿದ್ದು, ಬಾಯಿ ಪೂರ್ತಿ ಮುಚ್ಚಿದರೆ ಕೆಲಸ ಮಾಡುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಸಿಕ್ಕರೂ ಹೊರಗೆ ಬರುತ್ತದೆ.

ಸಂಪ್ ಕಡೆಯೂ ಒಮ್ಮೆ ನೋಡಿ. ಮನೆ ಮುಂದಿನ ನೀರಿನ ಸಂಪ್ ಅಲ್ಲ, ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ. ಓವರ್‌ಫ್ಲೋ ಬಾಕ್ಸ್, ಪೈಪಿನ ಒಳಗೋಡೆ, ಪಂಪಿನ ಹಿಂಭಾಗ ಎಲ್ಲಾ ಕಡೆ ಟಾರ್ಚ್ ಹಾಕಿ. ಬೆಳಕಿಲ್ಲದ ಕಡೆ ಇರುವವು ಬಣ್ಣ ಕಳೆದುಕೊಂಡು ನೀರಿನಂತೆ ಕಾಣುತ್ತವೆ, ಕಣ್ಣಿಗೆ ಬೀಳಲ್ಲ. ಪಂಪು, ಪೈಪು ಇವನ್ನು ಹೊರಗೆ ತೆಗೆದು ವಿನೆಗರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ತೊಳೆದರೆ ಆಯಿತು. ಇಲ್ಲಿ ಮಾತ್ರ ಉಜ್ಜಬಹುದು. ಚೂರು ಬಿದ್ದರೂ ಬಕೆಟ್ಟಿನಲ್ಲಿ ಬೀಳುತ್ತದೆ.

ಇನ್ನು ತಿನ್ನುವ ಜೀವಿಗಳು. ಸಣ್ಣ ಮರಿಗಳನ್ನು ಹುಡುಕಿ ಹುಡುಕಿ ಸುಣ್ಣ ಹಚ್ಚಲು ನಿಮ್ಮಿಂದ ಆಗಲ್ಲ. ಅಲ್ಲಿಗೆ ಇವೇ ಬೇಕು. ಏಪ್ಟೇಸಿಯಾಕ್ಕೆ ಹುಟ್ಟಾ ಶತ್ರು ಬರ್ಗಿಯಾ ಎಂಬ ಬೆರಳುಗುರಿನುದ್ದದ ಕಡಲ ಗೊಂಡೆಹುಳು. ಅದಕ್ಕೆ ಏಪ್ಟೇಸಿಯಾ ಬಿಟ್ಟರೆ ಬೇರೆ ಊಟವೇ ಇಲ್ಲ. ತಿಂದ ಮೇಲೆ ಚೂರೂ ಉಳಿಸಲ್ಲ. ಸುರುಳಿ ಸುರುಳಿಯಾಗಿ ಮೊಟ್ಟೆ ಇಟ್ಟು ಟ್ಯಾಂಕಿನಲ್ಲೇ ಹೆಚ್ಚುತ್ತದೆ. ಎಲ್ಲ ಮುಗಿದ ಮೇಲೆ ಹಸಿವಿನಿಂದ ಸಾಯುತ್ತದೆ. ನೂರಕ್ಕೆ ನೂರು ಹೊಂದುವ ಉಪಾಯ, ಆದರೆ ನಿಮಗಲ್ಲ. ನಿಮ್ಮ ಸಿಕ್ಸ್‌ಲೈನ್ ವ್ರಾಸ್ ಇಡೀ ದಿನ ಕಲ್ಲಿನ ಸಂದಿಗಳನ್ನು ತಡಕುವ ಮೀನು. ದುಡ್ಡು ಕೊಟ್ಟು ತಂದ ಬರ್ಗಿಯಾ ಅದಕ್ಕೆ ಸಂಜೆಯ ಬೋಂಡಾ ಆಗುತ್ತದೆ. ವ್ರಾಸನ್ನು ಹಿಡಿದು ಬೇರೆಯವರಿಗೆ ಕೊಡುವ ಮನಸ್ಸಿದ್ದರೆ ಮಾತ್ರ ಈ ದಾರಿ.

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ಬಿಡಿ ಅಂತ ಅಂಗಡಿಯಲ್ಲಿ ಹೇಳಿಯಾರು. ಉದ್ದ ಮೂತಿ, ಕಿತ್ತಳೆ ಪಟ್ಟೆ, ನೋಡಲು ಚಂದವೋ ಚಂದ. ಏಪ್ಟೇಸಿಯಾ ತಿನ್ನುವುದೂ ನಿಜ. ಆದರೆ ಅದು 20 ಸೆಂಟಿಮೀಟರ್ ಬೆಳೆಯುವ ಮೀನು. 400 ಲೀಟರಿಗಿಂತ ಚಿಕ್ಕ ಟ್ಯಾಂಕಿನಲ್ಲಿ ಅದನ್ನು ಇಡುವುದು ನ್ಯಾಯ ಅಲ್ಲ. ಎಷ್ಟೋ ಸಲ ಅದು ಬೇರೆ ಆಹಾರ ಮುಟ್ಟದೆ ಬಡಕಲಾಗಿ ಸಾಯುತ್ತದೆ. ಬೇಡ. ಬ್ರಿಸಲ್‌ಟೇಲ್ ಫೈಲ್‌ಫಿಶ್ ನಿಮ್ಮ ಟ್ಯಾಂಕಿನ ಅಳತೆಗೆ ಹೊಂದುತ್ತದೆ, ಚೆನ್ನಾಗಿ ತಿನ್ನುತ್ತದೆ. ಆದರೆ ಏಪ್ಟೇಸಿಯಾ ಮುಗಿದ ಮೇಲೆ ಕೆಲವು ಝೋಆಂಥಿಡ್ ಕಡೆ ತಿರುಗುತ್ತವೆ. ಸೀಗಡಿ ಕೈಕೊಟ್ಟರೆ ಇದನ್ನು ಯೋಚಿಸೋಣ.

ಹೌದು, ನಿಮಗೆ ಸೀಗಡಿಯೇ ಸರಿ. ಪೆಪ್ಪರ್‌ಮಿಂಟ್ ಸೀಗಡಿ ಮೂರು ಸಾಕು. ಅವು ರಾತ್ರಿ ಹೊತ್ತು ಕೆಲಸ ಮಾಡುತ್ತವೆ. ಸಣ್ಣ ಏಪ್ಟೇಸಿಯಾಗಳನ್ನು ಬುಡ ಸಮೇತ ಕಿತ್ತು ತಿನ್ನುತ್ತವೆ. ದೊಡ್ಡವುಗಳ ತಂಟೆಗೆ ಹೆಚ್ಚಾಗಿ ಹೋಗಲ್ಲ. ಅದಕ್ಕೇ ದೊಡ್ಡವನ್ನು ನೀವು ಸುಣ್ಣದಲ್ಲಿ ಮುಗಿಸಿ, ಚಿಕ್ಕವನ್ನು ಅವಕ್ಕೆ ಬಿಡಿ ಅಂದದ್ದು. ಬಿಟ್ಟ ಮರುದಿನವೇ ಏನೂ ಕಾಣಲ್ಲ. ಒಂದೆರಡು ವಾರ ಎಲ್ಲೋ ಅಡಗಿ ಕೂರುತ್ತವೆ. ಆ ಹೊತ್ತಿನಲ್ಲಿ ಪಾಪ ಅಂತ ಅವಕ್ಕೆ ಬೇರೆ ಊಟ ಹಾಕಬೇಡಿ. ಹೊಟ್ಟೆ ತುಂಬಿದ ಸೀಗಡಿ ಕೆಲಸ ಮಾಡಲ್ಲ. ಸೀಗಡಿಯ ಮೈಗೆ ಉಪ್ಪಿನಂಶದ ಏರುಪೇರು ಆಗಿಬರುವುದಿಲ್ಲ, ಆದ್ದರಿಂದ ಅಂಗಡಿಯ ನೀರಿಗೆ ನಿಮ್ಮ ನೀರನ್ನು ಹನಿಹನಿಯಾಗಿ ಒಂದು ಗಂಟೆ ಸೇರಿಸಿ, ಆಮೇಲೆ ಬಿಡಿ. ಟ್ಯಾಂಕಿಗೆ ಹಿಂದೆ ಯಾವಾಗಲಾದರೂ ತಾಮ್ರದ ಔಷಧಿ ಹಾಕಿದ್ದರೆ ಸೀಗಡಿ ತರಲೇಬೇಡಿ. ತೀರಾ ಸಣ್ಣವನ್ನೂ ತರಬೇಡಿ. ಪೊರೆ ಕಳಚಿದ ರಾತ್ರಿ ಮೈ ಮೆತ್ತಗಿರುತ್ತದೆ, ಸಿಕ್ಸ್‌ಲೈನ್ ಬಿಡಲ್ಲ.

ಇಲ್ಲೊಂದು ಮೋಸದ ಜಾಗ ಇದೆ. ನಿಜವಾದ ಪೆಪ್ಪರ್‌ಮಿಂಟ್ ಸೀಗಡಿ ಅಮೆರಿಕದ ಫ್ಲೋರಿಡಾ, ಕೆರಿಬಿಯನ್ ಕಡೆಯದು. ನಮ್ಮ ಕಡೆಯ ಸಮುದ್ರಗಳಲ್ಲಿ ಸಿಗುವ ಒಂಟೆ ಸೀಗಡಿ, ಅಂದರೆ ಕ್ಯಾಮಲ್ ಶ್ರಿಂಪ್, ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದನ್ನೇ ಪೆಪ್ಪರ್‌ಮಿಂಟ್ ಅಂತ ಮಾರುವುದುಂಟು. ಎಷ್ಟೋ ಸಲ ಮಾರುವವರಿಗೂ ಗೊತ್ತಿರಲ್ಲ. ಅದು ಏಪ್ಟೇಸಿಯಾ ಬಿಟ್ಟು ನಿಮ್ಮ ಮಶ್ರೂಮ್, ಝೋಆಂಥಿಡ್ ತಿನ್ನುತ್ತದೆ. ವ್ಯತ್ಯಾಸ ಹೀಗಿದೆ. ಪೆಪ್ಪರ್‌ಮಿಂಟಿನ ಮೈ ಅರೆಪಾರದರ್ಶಕ, ಅದರ ಮೇಲೆ ತೆಳು ಕೆಂಪು ಗೆರೆಗಳು. ಒಂಟೆ ಸೀಗಡಿಗೆ ಕೆಂಪಿನ ನಡುವೆ ಎದ್ದು ಕಾಣುವ ಬಿಳಿ ಗೆರೆ, ಬಿಳಿ ಚುಕ್ಕೆ. ಕಣ್ಣು ದೊಡ್ಡದು. ಬೆನ್ನು ಗೂನು. ಮೂತಿಯ ಮುಳ್ಳು ಮೇಲಕ್ಕೆ ಎದ್ದಿರುತ್ತದೆ.

ಮಗನ ಹಸಿರು ಅನಿಮೋನಿಗೆ ಬರೋಣ. ನೀವು ಬರೆದ ರೀತಿ ನೋಡಿದರೆ ಅದು ಮಜಾನೋ. ಎಳೆಗಳ ತುದಿ ಗುಂಡಗಿರುವುದರಿಂದ ಕ್ಲೌನ್ ಮೀನು ವಾಸಿಸುವ ಬಬಲ್‌ಟಿಪ್ ಅನಿಮೋನಿ ಅಂತ ಬಹಳ ಜನ ಮೋಸ ಹೋಗುತ್ತಾರೆ. ಬಬಲ್‌ಟಿಪ್ ಊಟದ ತಟ್ಟೆಯಷ್ಟು ಅಗಲ ಆಗುತ್ತದೆ, ತನಗೆ ಬೇಕಾದ ಜಾಗ ಹುಡುಕಿಕೊಂಡು ತಿರುಗುತ್ತದೆ. ಮಜಾನೋ ಎರಡು ಮೂರು ಸೆಂಟಿಮೀಟರಿಗೆ ನಿಂತು, ತನ್ನ ಪಕ್ಕದಲ್ಲೇ ಮರಿ ಮಾಡಿ ಗುಂಪು ಕಟ್ಟುತ್ತದೆ. ಅದರಲ್ಲಿ ಯಾವ ಕ್ಲೌನೂ ಸಂಸಾರ ಹೂಡಲ್ಲ. ಪೆಪ್ಪರ್‌ಮಿಂಟ್ ಸೀಗಡಿ ಇದನ್ನು ಸಾಮಾನ್ಯವಾಗಿ ಮುಟ್ಟಲ್ಲ, ಬರ್ಗಿಯಾವಂತೂ ಮೂಸಿಯೂ ನೋಡಲ್ಲ. ಆದರೆ ಐದಾರೇ ಇವೆ, ಎಲ್ಲ ಒಂದೇ ಕಲ್ಲಿನ ಮೇಲಿವೆ ಅಂದಿರಿ. ಅದು ನಿಮ್ಮ ಅದೃಷ್ಟ. ಆ ಕಲ್ಲಿನಲ್ಲಿ ಝೋಆಂಥಿಡ್ ಇಲ್ಲ ಅಂತ ಖಚಿತ ಮಾಡಿಕೊಂಡು ಹೊರಗೆ ತೆಗೆಯಿರಿ. ಸಣ್ಣ ಉಳಿಯಿಂದ ಅನಿಮೋನಿಯ ಕೆಳಗಿನ ಕಲ್ಲಿನ ಚಕ್ಕೆ ಸಮೇತ ಎಬ್ಬಿಸಿ. ಮೈ ಕೊಯ್ಯಬಾರದು, ಕಲ್ಲು ಒಡೆಯಬೇಕು. ಆಮೇಲೆ ಕಲ್ಲನ್ನು ಟ್ಯಾಂಕಿನ ಉಪ್ಪುನೀರಿನಲ್ಲಿ ಬಕೆಟ್ಟಿನಲ್ಲೇ ಜಾಲಿಸಿ ವಾಪಸ್ ಇಡಿ. ಆ ಬಕೆಟ್ಟಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಮಗನಿಗೆ ಹೇಳಿ: ಟ್ಯಾಂಕಿನಲ್ಲಿ ಹುಟ್ಟಿ ಬೆಳೆದ ಕ್ಲೌನ್ ಅನಿಮೋನಿ ಇಲ್ಲದೆಯೂ ಆರಾಮಾಗಿ ಇರುತ್ತದೆ. ಎಷ್ಟೋ ಕಡೆ ಅವು ಲೆದರ್ ಕೋರಲನ್ನೇ ಮನೆ ಮಾಡಿಕೊಳ್ಳುತ್ತವೆ. ಅವನಿಗೆ ನಿಜವಾಗಿ ಅನಿಮೋನಿ ಬೇಕೇಬೇಕಾದರೆ ಈ ಕಳೆ ಕೆಲಸ ಮುಗಿದ ಮೇಲೆ ಮಾತಾಡೋಣ. ಸುಣ್ಣದ ಸಿರಿಂಜು ಓಡಾಡುವ ಟ್ಯಾಂಕಿಗೆ ಈಗ ಅದು ಬೇಡ.

ರಾಮೇಶ್ವರದ ಕಲ್ಲು ಬೇಡವೇ ಬೇಡ. ಆ ಕಲ್ಲು ಅಂದರೆ ಬಹುತೇಕ ಹವಳದ ಅಸ್ಥಿಪಂಜರ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ. ಹುಲಿ, ಆನೆಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ತಂದುಕೊಡುವವರಿಗೆ ತಮಾಷೆ, ಇಟ್ಟುಕೊಂಡವರಿಗೆ ಜೈಲು. ಕಾನೂನು ಪಕ್ಕಕ್ಕಿಟ್ಟು ನೋಡಿದರೂ ಅರ್ಥವಿಲ್ಲ. ಸಮುದ್ರದಿಂದ ಹಸಿಯಾಗಿ ಬಂದ ಕಲ್ಲಿನ ಜೊತೆ ಏಪ್ಟೇಸಿಯಾ ಬರುವ ಸಾಧ್ಯತೆಯೇ ಜಾಸ್ತಿ. ಕಲ್ಲು ಬೇಕಾದರೆ ಸೆರಾಮಿಕ್ ಇಲ್ಲವೇ ಸಿಮೆಂಟಿನಿಂದ ಮಾಡಿದ್ದು ತನ್ನಿ.

ನಿಮಗೆ ಏಪ್ಟೇಸಿಯಾ ಬಂದದ್ದೂ ಬಹುಶಃ ಯಾವುದೋ ಫ್ರ್ಯಾಗ್ ಪ್ಲಗ್ಗಿನ, ಅಂದರೆ ಕೋರಲ್ ತುಂಡನ್ನು ಅಂಟಿಸಿ ಮಾರುವ ಪುಟ್ಟ ಬಿಲ್ಲೆಯ, ಅಡಿಯಲ್ಲಿ ಕೂತು. ಮುಂದೆ ಕೋರಲ್ ತಂದಾಗ ಪ್ಲಗ್ಗನ್ನು ತಿರುಗಿಸಿ ಅಡಿ ನೋಡಿ. ಸಾಧ್ಯವಾದರೆ ಕೋರಲನ್ನು ಕತ್ತರಿಸಿ ಹೊಸ ಪ್ಲಗ್ಗಿಗೆ ಅಂಟಿಸಿ, ಹಳೆಯದನ್ನು ಕಸಕ್ಕೆ ಹಾಕಿ. ಅಂಗಡಿಯಲ್ಲಿ ಸಿಗುವ ಅದ್ದುವ ಔಷಧಿಗಳು ಹುಳುಗಳನ್ನು ಉದುರಿಸುತ್ತವೆ. ಏಪ್ಟೇಸಿಯಾಕ್ಕೆ ಅವನ್ನು ನಂಬಬೇಡಿ.

ಹಾಗಾದರೆ ಈ ವಾರ ಏನು ಮಾಡುತ್ತೀರಿ? ಪುಡಿ ಆಹಾರದ ಡಬ್ಬಿ ಅಟ್ಟಕ್ಕೆ ಹಾಕಿ. ಮಜಾನೋ ಕಲ್ಲನ್ನು ಸರಿ ಮಾಡಿ. ಒಂದು ಬಿಡುವಿನ ಸಂಜೆ ದೊಡ್ಡ ಏಪ್ಟೇಸಿಯಾಗಳಲ್ಲಿ ಹತ್ತನ್ನು ಮುಚ್ಚಿ. ಮುಂದಿನ ವಾರ ಇನ್ನು ಹತ್ತು. ದೊಡ್ಡವು ಮುಗಿದ ಮೇಲೆ ಒಂದು ನೀರು ಬದಲಾವಣೆ ಮಾಡಿ, ಆಮೇಲೆ ಸೀಗಡಿ. ತಿಂಗಳಿಗೊಮ್ಮೆ ರಾತ್ರಿ ಹನ್ನೊಂದರ ಮೇಲೆ ಟಾರ್ಚ್ ಹಿಡಿದು ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನಲವತ್ತು ಇಪ್ಪತ್ತಾದರೆ ದಾರಿ ಸರಿ ಇದೆ. ಪೂರ್ತಿ ಸೊನ್ನೆ ಆಗಲು ನಾಲ್ಕೈದು ತಿಂಗಳು ಬೇಕಾಗಬಹುದು. ಎಲ್ಲೋ ಪೈಪಿನೊಳಗೆ ಒಂದೆರಡು ಉಳಿದೇ ಇರಬಹುದು. ಅಷ್ಟಕ್ಕೆ ಟ್ಯಾಂಕ್ ಹಾಳಾಗಲ್ಲ.

ಸೀಗಡಿ ಕೊಳ್ಳಲು ಹೋದಾಗ ದುಡ್ಡು ಕೊಡುವ ಮುಂಚೆ ಪಕ್ಕದಿಂದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೆನ್ನು ಗೂನಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ.